ಒಂಟೆಯೋ ಎಮ್ಮೆಯೋ

ಗ್ಯಾರೇಜಿನಿಂದ,
ಶುಕ್ರವಾರ, ಬೆಳಗ್ಗೆ ಹನ್ನೊಂದು ಗಂಟೆ

ಪ್ರೀತಿಯ ಅಳತೆಗಾರ್ತಿಗೆ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ‘ಕಾರಣ ಸಾಕು, ಕಥೆ ಬೇಡ’ ಎಂದು ನೀನು ಬರೆದಿದ್ದೀಯ, ಮೊದಲ ಸಾಲಿನಲ್ಲೇ ಬೈಸಿಕೊಳ್ಳುವ ಆಸೆ ನನಗಿಲ್ಲ. ನಾಲ್ಕು ವರ್ಷದಲ್ಲಿ ನಿನ್ನಿಂದ ಬಂದ ಮೊದಲ ಕಾಗದ ಇದು. ಆರೇ ಸಾಲು. ಫೋನ್ ಮಾಡಬೇಡ, ಫೋನಿನಲ್ಲಿ ನಾವು ಮೂರನೇ ನಿಮಿಷಕ್ಕೆ ಜಗಳಕ್ಕೆ ಬೀಳುತ್ತೇವೆ ಎಂದಿದ್ದೀಯ. ನನ್ನ ಲೆಕ್ಕದಲ್ಲಿ ಅದು ಎರಡನೇ ನಿಮಿಷ, ಆದರೆ ಅಳತೆಯ ವಿಷಯದಲ್ಲಿ ನಿನ್ನ ಜೊತೆ ವಾದ ಮಾಡುವಷ್ಟು ದಡ್ಡ ನಾನಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಗ್ರಾಹಕರ ಬಿಲ್ ಬಿಟ್ಟು ಬೇರೇನನ್ನೂ ಬರೆಯದ ಕೈ, ಅಕ್ಷರ ಸೊಟ್ಟಗಿದ್ದರೆ ನಗಬೇಡ.

ನಿನ್ನ ಪ್ರಶ್ನೆ ನನಗೆ ಸರಿಯಾಗಿ ಅರ್ಥವಾಗಿದೆಯೇ ಎಂದು ಒಮ್ಮೆ ಒಪ್ಪಿಸಿಬಿಡುತ್ತೇನೆ. ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಬೆಟ್ಟದ ಮೇಲಿನ ಹನ್ನೊಂದು ನೀರಿನ ಮಾಪಕಗಳ ಹೊಣೆ ನಿನ್ನದು. ಹಳ್ಳ ಹೊಳೆಗಳಲ್ಲಿ ನೀರು ಎಷ್ಟಿದೆ ಎಂದು ವಾರಕ್ಕೆರಡು ಸಲ ಹೋಗಿ ನೋಡಿ ಬರೆದುಕೊಂಡು ಬರಬೇಕು. ಆಫೀಸಿನ ಜೀಪು ಕೆಟ್ಟು ಕೂತಿದೆ. ಸ್ವಂತ ಗಾಡಿ ಇದ್ದವರಿಗೆ ಬೆಟ್ಟ, ಇಲ್ಲದವರಿಗೆ ಮೂಲೆಯ ಮೇಜು ಮತ್ತು ಹಳೆಯ ಕಡತಗಳ ಧೂಳು. ನಿನಗೆ ಮೇಜು ಬೇಡ. ಆರು ವರ್ಷದಿಂದ ಬೈಕಿನ ಹ್ಯಾಂಡಲ್ ಮುಟ್ಟದವಳು ಈಗ ಕಲ್ಲುಮಣ್ಣಿನ ದಾರಿಗೆಂದೇ ಮಾಡಿದ ಹಳೆಯ ಅಡ್ವೆಂಚರ್ ಬೈಕ್ ಒಂದನ್ನು ಕೊಳ್ಳಲು ಹೊರಟಿದ್ದೀಯ. ಎರಡು ಗಾಡಿ ನೋಡಿಟ್ಟಿದ್ದೀಯ, ಎರಡೂ ನನ್ನ ಊರಿನಲ್ಲೇ ಇವೆ. ಯಾವುದು ಎಂದು ಮಂಗಳವಾರದೊಳಗೆ ತಿಳಿಯಬೇಕು.

ತಪ್ಪು ಗಾಡಿ ಹೇಳಿದರೆ ಏನಾಗುತ್ತದೆ ಎಂಬುದು ನಿನಗಿಂತ ನನಗೆ ಚೆನ್ನಾಗಿ ಗೊತ್ತು. ಯಾಕೆಂದರೆ ಆ ರಸ್ತೆಯನ್ನು ನೋಡಿ ಬಂದಿದ್ದೇನೆ. ಹೌದು, ಕಳೆದ ಭಾನುವಾರ ಹೋಗಿದ್ದೆ. ಮೂರನೇ ಮಾಪಕದವರೆಗೆ ಹೋಗಿ ವಾಪಸ್ ಬಂದೆ. ನಿನ್ನ ಆಫೀಸಿನ ಮುಂದೆ ನಿಲ್ಲಿಸಲಿಲ್ಲ, ಆಣೆ ಮಾಡಿ ಹೇಳುತ್ತೇನೆ, ಬೇಕಾದರೆ ನಿಮ್ಮ ಕಾವಲುಗಾರನನ್ನು ಕೇಳು. ಸ್ವಲ್ಪ ನಿಧಾನ ಮಾಡಿದ್ದು ನಿಜ.

ಆ ರಸ್ತೆಯಲ್ಲಿ ಡಾಂಬರು ಮೊದಲ ಎಂಟು ಕಿಲೋಮೀಟರಿಗೆ ಮುಗಿಯುತ್ತದೆ. ಆಮೇಲೆ ಬಿಡಿ ಜಲ್ಲಿ, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಏನೂ ಇಲ್ಲ. ಎರಡನೇ ಮಾಪಕದ ಹತ್ತಿರ ನೀರು ಸಿಮೆಂಟಿನ ಹಾಸಿನ ಮೇಲೆಯೇ ಹರಿಯುತ್ತದೆ, ಹಾಸಿನ ತುಂಬ ಪಾಚಿ. ನಾನು ಅಲ್ಲಿದ್ದ ಒಂದೂವರೆ ಗಂಟೆಯಲ್ಲಿ ಒಬ್ಬ ನರಪಿಳ್ಳೆಯೂ ಆ ದಾರಿಯಲ್ಲಿ ಬರಲಿಲ್ಲ. ಅಲ್ಲಿ ಗಾಡಿ ಬಿದ್ದರೆ ಎತ್ತುವವಳು ನೀನೊಬ್ಬಳೇ. ಗಾಡಿ ಕಾಲ ಮೇಲೆ ಬಿದ್ದರೆ ಅದನ್ನು ಯಾರು ಎತ್ತುತ್ತಾರೆ ಎಂದು ಯೋಚಿಸಲು ಶುರು ಮಾಡಿದ ದಿನದಿಂದ ನನಗೆ ಸರಿಯಾಗಿ ಊಟ ಸೇರುತ್ತಿಲ್ಲ.

ಈಗ ಗಾಡಿಗಳ ವಿಷಯ. ಮೊದಲನೆಯದು ಭೂಗೋಳದ ಮೇಷ್ಟ್ರದ್ದು. ಇಪ್ಪತ್ತೆರಡು ವರ್ಷ ಹಳೆಯದು, ಒಂಟಿ ಸಿಲಿಂಡರ್, ಕಾರ್ಬೊರೇಟರ್ ಕಾಲದ್ದು. ಎತ್ತರ, ಸಪೂರ, ಉದ್ದ ಕಾಲು, ಸದಾ ಏನೋ ಗೊಣಗುವ ಮುಖ. ನಾನದಕ್ಕೆ ಒಂಟೆ ಎಂದು ಹೆಸರಿಟ್ಟಿದ್ದೇನೆ. ಎರಡನೆಯದು ಹಲ್ಲಿನ ಡಾಕ್ಟರದ್ದು. ಹನ್ನೆರಡು ವರ್ಷದ್ದು, ಎರಡು ಸಿಲಿಂಡರ್, ನುಣುಪಾದ ಮೈ, ಗಂಭೀರ ನಡಿಗೆ, ತೂಕ ಕೇಳಬೇಡ. ಅದು ಎಮ್ಮೆ. ಎಮ್ಮೆಗೆ ಎಬಿಎಸ್ ಇದೆ, ಅಂದರೆ ಗಾಬರಿಯಲ್ಲಿ ಬ್ರೇಕ್ ಅದುಮಿದರೂ ಚಕ್ರ ಕಟ್ಟಿಕೊಳ್ಳದ ಹಾಗೆ ಅದೇ ನೋಡಿಕೊಳ್ಳುತ್ತದೆ. ಒಂಟೆಗೆ ಅಂಥದ್ದೇನೂ ಇಲ್ಲ. ನಿನ್ನ ಬೆರಳಿಗೆ ಎಷ್ಟು ಬುದ್ಧಿ ಇದೆಯೋ ಅದರ ಬ್ರೇಕಿಗೂ ಅಷ್ಟೇ.

ಮೇಷ್ಟ್ರಿಗೆ ಅರವತ್ತೆಂಟು. ಮಂಡಿ ನೋವು, ಕಾಲೆತ್ತಿ ಹಾಕಲು ಆಗುವುದಿಲ್ಲ, ಅದಕ್ಕೇ ಮಾರುತ್ತಿದ್ದಾರೆ. ಗಾಡಿಯ ತಪ್ಪನ್ನೆಲ್ಲ ತಾವೇ ಮೊದಲು ಹೇಳಿದರು. ‘ನೋಡಪ್ಪ, ಮುಂದಿನ ಚಕ್ರ ಹಿಡಿದಿರೋ ಫೋರ್ಕಿನಿಂದ ಎಣ್ಣೆ ಸೋರುತ್ತೆ. ವೈರಿಂಗು ಯಾರೋ ಪುಣ್ಯಾತ್ಮ ಕತ್ತರಿಸಿ ಗಂಟು ಹಾಕಿದಾನೆ. ಎಂಜಿನ್ನಿಗೆ ಕೈ ಹಾಕಿಲ್ಲ, ಅದು ನನಗಿಂತ ಗಟ್ಟಿ’ ಎಂದರು. ಹೇಳಿದ್ದೆಲ್ಲ ನಿಜ. ಅವರು ಹೇಳದೇ ಬಿಟ್ಟದ್ದು ಒಂದೇ, ಹ್ಯಾಂಡಲ್ ನೇರ ಹಿಡಿದಾಗ ನಡುವಿನಲ್ಲಿ ಸ್ವಲ್ಪ ಕಚ್ಚುತ್ತದೆ. ಬೇರಿಂಗ್ ಬದಲಾಯಿಸಿದರೆ ಹೋಗುತ್ತದೆ. ಸಂಕೋಚವಿಲ್ಲದೆ ಗಾಡಿಯನ್ನು ಒಂದು ವಾರ ನನ್ನ ಗ್ಯಾರೇಜಿನಲ್ಲೇ ಬಿಟ್ಟು ಹೋದರು, ಭಾನುವಾರ ನಾನು ಹೋದದ್ದು ಅದರ ಮೇಲೇ.

ಹಲ್ಲಿನ ಡಾಕ್ಟರು ಬೇರೆ ಜಾತಿಯ ಮನುಷ್ಯ. ಸರ್ವೀಸ್ ಪುಸ್ತಕದ ಪ್ರತಿ ಪುಟಕ್ಕೂ ಪ್ಲಾಸ್ಟಿಕ್ ಹೊದಿಸಿದ್ದಾರೆ. ಗಾಡಿ ಮುಟ್ಟುವ ಮೊದಲು ನನ್ನ ಕೈ ನೋಡಿದರು, ಚಿಕ್ಕಂದಿನಲ್ಲಿ ಊಟಕ್ಕೆ ಮೊದಲು ಅಮ್ಮ ನೋಡುತ್ತಿದ್ದಳಲ್ಲ, ಹಾಗೆ. ಊರೊಳಗೆ ಒಂದು ಸುತ್ತು ಹಾಕಲು ಬಿಟ್ಟರು, ಅದೂ ತಾವು ಹಿಂದೆ ಕೂತು. ಗಾಡಿ ಬೆಣ್ಣೆಯ ಹಾಗೆ ಹೋಗುತ್ತದೆ, ಸುಳ್ಳು ಹೇಳಲಾರೆ. ಇಪ್ಪತ್ತನೇ ನಿಮಿಷಕ್ಕೆ ಎಬಿಎಸ್ ಕೆಟ್ಟಿದೆ ಎಂದು ತೋರಿಸುವ ದೀಪ ಹತ್ತಿಕೊಂಡಿತು, ಒಂದು ಸಿಗ್ನಲ್ ದಾಟುವಷ್ಟರಲ್ಲಿ ಆರಿತು. ಡಾಕ್ಟರು ಹಿಂದಿನಿಂದ ‘ಅದು ಆವಾಗಾವಾಗ ಹಾಗೆ ಮಾಡುತ್ತೆ, ತಲೆ ಕೆಡಿಸ್ಕೋಬೇಡಿ’ ಎಂದರು. ಹಲ್ಲು ಆವಾಗಾವಾಗ ನೋಯುತ್ತದೆ ಎಂದು ಯಾರಾದರೂ ಅವರ ಬಳಿ ಬಂದರೆ ಇದೇ ಮಾತು ಹೇಳುತ್ತಾರೋ ಏನೋ.

ಆಮೇಲೆ ಒಂದು ಪರೀಕ್ಷೆ ಮಾಡಿದೆ. ಪಕ್ಕದ ಅಂಗಡಿಯ ಟೈಲರಮ್ಮ ನಿನಗೆ ನೆನಪಿರಬೇಕು. ನಿನ್ನ ಅಳತೆ ಇನ್ನೂ ಅವರ ಪುಸ್ತಕದಲ್ಲಿದೆ, ಮತ್ತು ‘ನನಗೂ ಅವಳಿಗೂ ಒಂದೇ ಎತ್ತರ, ಭುಜವೂ ಒಂದೇ’ ಎಂಬುದು ಅವರ ಹಳೆಯ ಹೆಮ್ಮೆ. ಅವರನ್ನು ಕರೆದು ಹಿಂದಿನ ಅಂಗಳದಲ್ಲಿ ಒಂಟೆಯನ್ನು ಪಕ್ಕಕ್ಕೆ ಮಲಗಿಸಿ, ಎತ್ತಿ ನಿಲ್ಲಿಸಿ ನೋಡೋಣ ಎಂದೆ. ‘ಅಣ್ಣಾ, ನಿಂಗೆ ತಲೆ ನೆಟ್ಟಗಿದೆಯಾ’ ಎಂದರು. ಹೇಗೆಂದು ಹೇಳಿಕೊಟ್ಟೆ. ಗಾಡಿಗೆ ಬೆನ್ನು ಕೊಟ್ಟು ಕೂರಬೇಕು, ಒಂದು ಕೈ ಹ್ಯಾಂಡಲಿಗೆ, ಒಂದು ಕೈ ಸೀಟಿನ ಕೆಳಗೆ, ಆಮೇಲೆ ಕಾಲಿನಿಂದ ತಳ್ಳಿಕೊಂಡು ಹಿಂದೆ ಹಿಂದೆ ನಡೆಯಬೇಕು. ಮೊದಲ ಸಲ ಆಗಲಿಲ್ಲ. ಎರಡನೇ ಸಲ ನಿಲ್ಲಿಸಿಯೇಬಿಟ್ಟರು. ನಿಲ್ಲಿಸಿದ ಮೇಲೆ ಅವರ ಮುಖ ನೋಡಬೇಕಿತ್ತು. ಗಂಡನನ್ನು ಕೂಗಿ ಕರೆದು ತೋರಿಸಿದರು.

ಮರುದಿನ ಡಾಕ್ಟರು ಎಮ್ಮೆಯನ್ನು ತಂದಾಗ, ಇದನ್ನೂ ಮಲಗಿಸಬೇಕಲ್ಲ ಎಂದೆ. ಅವರ ಬಣ್ಣವೇ ಇಳಿದುಹೋಯಿತು. ಹಳೆಯ ಹಾಸಿಗೆ ಹಾಸಿ, ಅದರ ಮೇಲೆ ಕಂಬಳಿ ಹಾಸಿ, ನಾವಿಬ್ಬರೂ ಸೇರಿ ಮಗುವನ್ನು ಮಲಗಿಸುವ ಹಾಗೆ ಮಲಗಿಸಿದೆವು. ಟೈಲರಮ್ಮ ಆರು ಸಲ ಪ್ರಯತ್ನಿಸಿದರು. ಆರನೇ ಸಲ ಅರ್ಧ ಎದ್ದ ಎಮ್ಮೆ ಮತ್ತೆ ಕಂಬಳಿಯ ಮೇಲೆ ಕೂತಿತು, ಅವರ ಕಾಲು ಒಂದು ಗೇಣಿನ ಅಂತರದಲ್ಲಿ ಉಳಿಯಿತು. ಅವರು ನಗಲಿಲ್ಲ. ಬೆವರು ಒರೆಸಿಕೊಂಡು, ‘ಅಣ್ಣಾ, ಇದನ್ನ ಅವಳಿಗೆ ಕೊಡಿಸ್ಬೇಡ’ ಎಂದಷ್ಟೇ ಹೇಳಿ ಅಂಗಡಿಗೆ ಹೋದರು.

ಆದ್ದರಿಂದ ಉತ್ತರ: ಒಂಟೆ. ಇಲ್ಲಿಗೆ ಈ ಕಾಗದ ಮುಗಿಯಬೇಕಿತ್ತು.

ಮುಗಿಸುವುದಕ್ಕೆ ನೀನು ಬಿಟ್ಟಿಲ್ಲ. ನಿನ್ನ ಆರು ಸಾಲಿನ ಕೊನೆಯ ಎರಡನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ. ‘ನನ್ನ ಮನಸ್ಸು ಡಾಕ್ಟರ ಗಾಡಿಯ ಕಡೆಗಿದೆ, ಯಾಕೆಂದರೆ ಎಬಿಎಸ್ ಇದೆ. ತಿರುವಿನಲ್ಲಿ ನನ್ನ ಕೈಯನ್ನು ನಾನು ನಂಬುವ ಹಾಗಿಲ್ಲ, ಅದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?’

ಈ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಇದಕ್ಕೆ ಮೊದಲು ಎರಡು ಕಾಗದ ಬರೆದು ಹರಿದೆ. ಒಂದರಲ್ಲಿ ಬೈಕೇ ಬೇಡ, ಮೇಜಿನ ಕೆಲಸದಲ್ಲಿ ಏನು ಕಡಿಮೆ ಎಂದು ಉಪದೇಶ ಮಾಡಿದ್ದೆ. ಇನ್ನೊಂದರಲ್ಲಿ ಎಬಿಎಸ್ಸಿನ ತಪ್ಪುಗಳನ್ನು ಮಾತ್ರ ಪಟ್ಟಿ ಮಾಡಿದ್ದೆ. ಬಿಡಿ ಜಲ್ಲಿಯ ಇಳಿಜಾರಿನಲ್ಲಿ ಹಳೆಯ ಎಬಿಎಸ್ ಬ್ರೇಕನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತದೆ, ಗಾಡಿ ನಿಲ್ಲಬೇಕಾದ ಜಾಗದಲ್ಲಿ ನಿಲ್ಲದೆ ಮುಂದೆ ಹೋಗುತ್ತದೆ, ಹೀಗೆ. ಎಲ್ಲವೂ ಸತ್ಯವೇ. ಆದರೆ ಎಷ್ಟೇ ಬರೆದರೂ ನೀನು ಒಂಟೆಯನ್ನು ತೆಗೆದುಕೊಳ್ಳುವುದಿಲ್ಲ ಎಂದು ನನಗೆ ಗೊತ್ತು. ತನ್ನ ಕೈಯನ್ನು ನಂಬದವಳು ಬರಿಯ ಕೈಯನ್ನೇ ನಂಬುವ ಗಾಡಿಯನ್ನು ಹೇಗೆ ಕೊಳ್ಳುತ್ತಾಳೆ?

ಊಟ ಮಾಡಿ ಬರುತ್ತೇನೆ.

ಮಧ್ಯಾಹ್ನ ಎರಡು ಗಂಟೆ. ಊಟ ಮಾಡಲಿಲ್ಲ. ಬೀದಿಯ ಕೊನೆಯವರೆಗೆ ಹೋಗಿ ವಾಪಸ್ ಬಂದೆ. ಟೈಲರಮ್ಮ ಬಾಗಿಲಲ್ಲಿ ನಿಂತು ‘ಏನಣ್ಣಾ, ಬೆಳಗ್ಗೆಯಿಂದ ಪರೀಕ್ಷೆ ಬರೆಯೋ ಹಾಗೆ ಕೂತಿದ್ದೀಯ, ಪಾಸಾಗ್ತೀಯಾ’ ಎಂದು ಕೇಳಿದರು. ಸುಮ್ಮನೆ ಹಲ್ಲು ಕಿರಿದೆ. ಶಟರ್ ಅರ್ಧ ಎಳೆದು ಕೂತಿದ್ದೇನೆ, ಇನ್ನು ಸುತ್ತಿ ಬಳಸಿ ಮಾತಾಡುವುದಿಲ್ಲ.

ನಮ್ಮ ಕೆಲಸದ ಒಂದು ಪದ್ಧತಿ ನಿನಗೆ ಗೊತ್ತು, ನೀನೇ ಎಷ್ಟೋ ಸಲ ಪಕ್ಕದಲ್ಲಿ ನಿಂತು ನೋಡಿದ್ದೀಯ. ಮುಖ್ಯವಾದ ಬೋಲ್ಟುಗಳನ್ನು ಅಳತೆಯ ರೆಂಚಿನಲ್ಲಿ ಬಿಗಿ ಮಾಡುತ್ತೇವೆ, ಬೇಕಾದಷ್ಟು ಬಿಗಿಯಾದಾಗ ಅದು ‘ಟಕ್’ ಎನ್ನುತ್ತದೆ. ಟಕ್ ಎಂದ ಮೇಲೆ ಬೋಲ್ಟಿನ ತಲೆಯಿಂದ ಪಕ್ಕದ ಕಬ್ಬಿಣಕ್ಕೆ ಬಿಳಿ ಬಣ್ಣದಲ್ಲಿ ಒಂದು ಗೀಟು ಎಳೆಯುತ್ತೇವೆ. ಗೀಟು ಇದ್ದರೆ ಬಿಗಿಯಾಗಿದೆ ಎಂದು ಅರ್ಥ. ಗೀಟು ಎಳೆದ ಬೋಲ್ಟನ್ನು ಮತ್ತೆ ಮುಟ್ಟುವುದಿಲ್ಲ. ಮೊದಲು ಟಕ್, ಆಮೇಲೆ ಗೀಟು. ಈ ಕ್ರಮವನ್ನು ನಾನು ನನ್ನ ಗುರುವಿನ ಕೈಯಲ್ಲಿ ಏಟು ತಿಂದು ಕಲಿತವನು.

ಆರು ವರ್ಷದ ಹಿಂದೆ ಆ ಗುರುವಾರ ನಿನ್ನ ಚಿಕ್ಕ ಬೈಕಿನ ಮುಂದಿನ ಬ್ರೇಕ್ ಕಿರುಗುಟ್ಟುತ್ತದೆ ಎಂದು ಹೇಳಿ ನೀನು ಆಫೀಸಿಗೆ ನಡೆದುಕೊಂಡು ಹೋದೆ. ನಾನು ಬ್ರೇಕ್ ಬಿಚ್ಚಿ ಹೊಸ ಪ್ಯಾಡ್ ಹಾಕಿದೆ. ಎರಡು ಬೋಲ್ಟನ್ನೂ ಬೆರಳಿನಲ್ಲಿ ತಿರುಗಿಸಿ ಕೂರಿಸಿದೆ. ಹಿಂದಿನ ದಿನ ಯಾರೋ ಬಣ್ಣದ ಬಾಟಲಿಯ ಮುಚ್ಚಳ ಹಾಕದೆ ಬಿಟ್ಟಿದ್ದರು. ಯಾರೋ ಏನು, ನಾನೇ. ಬಣ್ಣ ಗಟ್ಟಿಯಾಗುತ್ತಾ ಬಂದಿತ್ತು, ಇನ್ನು ಹತ್ತು ನಿಮಿಷ ಬಿಟ್ಟರೆ ಕುಂಚ ಏಳುವುದಿಲ್ಲ ಅನ್ನಿಸಿತು. ಒಣಗುವ ಮೊದಲು ಗೀಟು ಎಳೆದುಬಿಡೋಣ, ಬಿಗಿ ಆಮೇಲೆ ಮಾಡಿದರಾಯಿತು ಎಂದು ಎಲ್ಲ ಬೋಲ್ಟಿಗೂ ಒಂದೇ ಸಲ ಗೀಟು ಎಳೆದೆ. ರೆಂಚ್ ಕೈಗೆ ತಗೊಂಡೆ, ಚಕ್ರದ ನಟ್ಟು ಬಿಗಿ ಮಾಡಿದೆ. ಅಷ್ಟರಲ್ಲಿ ರಸ್ತೆಯಲ್ಲಿ ನಿಂತುಹೋದ ಯಾರದೋ ಗಾಡಿಗೆ ಕರೆ ಬಂತು, ಹೋದೆ. ಬಂದು ನೋಡಿದರೆ ಎಲ್ಲ ಬೋಲ್ಟಿನ ಮೇಲೂ ಬಿಳಿ ಗೀಟು. ನನ್ನದೇ ಕೈಯ ಗೀಟು. ಗಾಡಿಯನ್ನು ತಳ್ಳಿ ಹೊರಗೆ ನಿಲ್ಲಿಸಿದೆ.

ಬ್ರೇಕಿನ ಆ ಎರಡು ಬೋಲ್ಟಿಗೆ ರೆಂಚ್ ಮುಟ್ಟಿರಲೇ ಇಲ್ಲ.

ಶನಿವಾರ ನೀನು ಅಮ್ಮನ ಮನೆಗೆ ಹೊರಟೆ. ಕಲ್ಲು ಕ್ವಾರಿಯ ತಿರುವಿನಲ್ಲಿ ಒಂದು ಬೋಲ್ಟ್ ಉದುರಿ, ಬ್ರೇಕ್ ತಿರುಗಿಕೊಂಡು ಚಕ್ರದ ಕಡ್ಡಿಗಳ ಒಳಗೆ ಸಿಕ್ಕಿಕೊಂಡಿದೆ. ಚಕ್ರ ನಿಂತಿದೆ, ನೀನು ಮುಂದಕ್ಕೆ ಹಾರಿದ್ದೀಯ. ನಿನ್ನನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ವ್ಯಾನ್ ತಗೊಂಡು ಗಾಡಿ ತರಲು ನಾನೊಬ್ಬನೇ ಹೋದೆನಲ್ಲ, ಆಗ ನೋಡಿದೆ. ಒಂದು ತೂತು ಖಾಲಿ. ಇನ್ನೊಂದರಲ್ಲಿ ಬೋಲ್ಟ್ ಅರ್ಧ ಹೊರಗೆ ಬಂದಿತ್ತು, ತಲೆಯ ಮೇಲೆ ಬಿಳಿ ಗೀಟು. ಅಲ್ಲೇ ರಸ್ತೆಯ ಪಕ್ಕದಲ್ಲಿ ಕೂತೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಆಮೇಲೆ ಬ್ರೇಕನ್ನು ಬಿಚ್ಚಿ ಚೀಲದಲ್ಲಿ ಹಾಕಿ, ಗಾಡಿಯನ್ನು ವ್ಯಾನಿಗೆ ಏರಿಸಿದೆ. ಬೇರೆ ಯಾರೂ ನೋಡಲಿಲ್ಲ.

ನಿನಗೆ ಆ ತಿರುವಿನ ನೆನಪೇ ಇರಲಿಲ್ಲ. ತಲೆಗೆ ಪೆಟ್ಟು ಬಿದ್ದು ಬೆಳಗಿನ ತಿಂಡಿಯಿಂದ ಆಸ್ಪತ್ರೆಯ ಮಂಚದವರೆಗೆ ಎಲ್ಲ ಅಳಿಸಿಹೋಗಿತ್ತು. ಎಚ್ಚರವಾದಾಗ ಮೊದಲು ಕೇಳಿದ್ದು ನನ್ನನ್ನೇ, ಏನಾಯಿತು ಎಂದು. ನಾನು ಹೇಳಿದೆ. ಜಲ್ಲಿ ಇತ್ತು, ತಿರುವಿಗೆ ಅರವತ್ತರ ವೇಗದಲ್ಲಿ ನುಗ್ಗಿದ್ದೀಯ, ಗಾಬರಿಯಲ್ಲಿ ಮುಂದಿನ ಬ್ರೇಕ್ ಅದುಮಿದ್ದೀಯ ಎಂದೆ. ಅರವತ್ತು ಎಲ್ಲಿಂದ ಬಂತು ಎಂದು ನನಗೇ ತಿಳಿಯದು. ಬಾಯಿಗೆ ಬಂತು, ಹೇಳಿಬಿಟ್ಟೆ. ನೀನು ಕಣ್ಣು ಮುಚ್ಚಿಕೊಂಡು ‘ಅಷ್ಟು ಜೋರಾಗಿ ಹೋದ್ನಾ’ ಎಂದೆ.

ಇದಿಷ್ಟೂ ಸುಳ್ಳು. ನೀನು ತಪ್ಪು ಮಾಡಲಿಲ್ಲ. ನಿನ್ನ ಕೈ ತಪ್ಪು ಮಾಡಲಿಲ್ಲ. ತಪ್ಪು ನನ್ನದು, ಸುಳ್ಳೂ ನನ್ನದು. ಆರು ವರ್ಷ ಈ ಎರಡನ್ನೂ ಹೊಟ್ಟೆಯಲ್ಲಿಟ್ಟುಕೊಂಡಿದ್ದೇನೆ, ಅದರಲ್ಲಿ ಎರಡು ವರ್ಷ ನಿನ್ನ ಎದುರೇ ಓಡಾಡಿದ್ದೇನೆ.

ನಿಜ ಹೇಳಲು ಭಯವಾಯಿತು. ನಾಳೆ ಹೇಳೋಣ, ಕೈಯ ಕಟ್ಟು ಬಿಚ್ಚಲಿ ಆಮೇಲೆ ಹೇಳೋಣ ಎಂದುಕೊಂಡೆ. ಕಟ್ಟು ಬಿಚ್ಚಿದರು. ಮಣಿಕಟ್ಟಿನೊಳಗೆ ಲೋಹದ ಪಟ್ಟಿ ಉಳಿಯಿತು. ನೋಡಲು ಬಂದವರೆಲ್ಲ ನಿನಗೆ ಬುದ್ಧಿ ಹೇಳಿ ಹೋದರು, ನಾನು ಪಕ್ಕದಲ್ಲಿ ಕೂತು, ಇರಲಿ ಬಿಡಿ, ಯಾರಿಗಾದರೂ ಆಗುವಂಥದ್ದೇ ಎಂದು ದೊಡ್ಡ ಮನುಷ್ಯನ ಹಾಗೆ ಮಾತಾಡಿದೆ. ಎಷ್ಟು ಒಳ್ಳೆಯ ಗಂಡ ಎಂದು ನಿನ್ನ ಚಿಕ್ಕಮ್ಮ ಹೊಗಳಿದರು. ಆ ಹೊಗಳಿಕೆಯನ್ನು ತಿಂದು ಜೀರ್ಣಿಸಿಕೊಂಡೆ. ‘ಬೈಕ್ ಮಾರಿಬಿಡು’ ಎಂದು ನೀನು ಹೇಳಿದೆ, ನಾನು ಮಾರಿದೆ. ಎಲ್ಲಿಗೆ ಹೋಗಬೇಕಾದರೂ ನಾನೇ ಬಿಟ್ಟು ಬಂದೆ, ನಾನೇ ಕರೆದುಕೊಂಡು ಬಂದೆ. ಎರಡು ವರ್ಷ ಹಾಗೆ ನಡೆಯಿತು. ಕೊನೆಗೆ ಒಂದು ದಿನ ನೀನು ಪೆಟ್ಟಿಗೆ ತುಂಬಿಕೊಂಡು, ‘ದಿನ ಬೆಳಗಾದರೆ ನನ್ನನ್ನು ಕ್ಷಮಿಸುವ ಮನೆಯಲ್ಲಿ ನಾನಿರಲಾರೆ’ ಎಂದು ಹೇಳಿ ಹೋದೆ. ನಾನು ಬಾಗಿಲ ಹತ್ತಿರ ನಿಂತಿದ್ದೆ. ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ಪೆಟ್ಟಿಗೆ ಭಾರವಾಗಿದೆಯಾ ಎಂದು ಕೇಳಿದೆ.

ಈಗ ಯಾಕೆ ಹೇಳುತ್ತಿದ್ದೇನೆ ಎಂದು ನಿನಗೆ ಅರ್ಥವಾಗಿರಬೇಕು. ಒಳ್ಳೆಯವನಾಗಲು ಅಲ್ಲ, ಆ ಕಾಲ ಎಂದೋ ಹೋಯಿತು. ನೀನು ಎಮ್ಮೆಯನ್ನು ಆರಿಸುತ್ತಿರುವುದು ನನ್ನ ಸುಳ್ಳಿನ ಮೇಲೆ ಕಾಲಿಟ್ಟು. ಎಬಿಎಸ್ ಬೇಕು ಎಂದು ಅದನ್ನು ಕೊಳ್ಳುತ್ತೀಯ, ಪಾಚಿ ಹಾಸಿನ ಮೇಲೆ ಅದು ಒಂದು ದಿನ ನಿನ್ನನ್ನು ಕೆಡವುತ್ತದೆ, ಎತ್ತಲು ನಿನ್ನಿಂದ ಆಗುವುದಿಲ್ಲ, ದಾರಿಯಲ್ಲಿ ಯಾರೂ ಬರುವುದಿಲ್ಲ. ಇನ್ನು ಒಂಟೆಯನ್ನೇ ಕೊಂಡರೂ, ತಿರುವು ಬಂದಾಗಲೆಲ್ಲ ನನ್ನ ಅರವತ್ತು ನಿನ್ನ ಕಿವಿಯಲ್ಲಿ ಕೂಗಿದರೆ ನೀನು ಹೆದರಿ ಬೇಡದ ಕಡೆ ಬ್ರೇಕ್ ಹಿಡಿಯುತ್ತೀಯ. ಜಲ್ಲಿಯಲ್ಲಿ ಜನ ಬೀಳುವುದೇ ಹಾಗೆ. ಇದನ್ನೆಲ್ಲ ತಿಳಿದೂ ಬಾಯಿ ಮುಚ್ಚಿಕೊಂಡಿದ್ದರೆ, ಆ ಬೋಲ್ಟನ್ನು ಎರಡನೇ ಸಲ ಸಡಿಲ ಬಿಟ್ಟ ಹಾಗೆ. ಮೊದಲ ಸಲ ಗೊತ್ತಿಲ್ಲದೆ ಆಯಿತು.

ನೀನು ಎಂಥ ಸವಾರಿ ಮಾಡುತ್ತಿದ್ದೆ ಎಂದು ಹೇಳಲೇ? ಒಂಬತ್ತು ವರ್ಷ ನಿನ್ನ ಗಾಡಿಯ ಟೈರು ಬದಲಾಯಿಸಿದವನು ನಾನು. ಟೈರು ಸುಳ್ಳು ಹೇಳುವುದಿಲ್ಲ. ಎಡಕ್ಕೂ ಬಲಕ್ಕೂ ಒಂದೇ ಸಮ ಸವೆಯುತ್ತಿತ್ತು. ಬ್ರೇಕ್ ಪ್ಯಾಡ್ ಬೇರೆಯವರಿಗಿಂತ ದುಪ್ಪಟ್ಟು ಕಾಲ ಬಾಳುತ್ತಿತ್ತು, ಯಾಕೆಂದರೆ ನೀನು ತಿರುವಿಗೆ ಮೊದಲೇ ವೇಗ ಇಳಿಸುತ್ತಿದ್ದೆ. ಊರಿನಲ್ಲಿ ನನ್ನ ಕೈಗೆ ಬರುವ ಗಾಡಿಗಳ ಪೈಕಿ ಅಷ್ಟು ಅಚ್ಚುಕಟ್ಟಾಗಿ ಓಡಿದ ಗಾಡಿ ನಾನು ಇನ್ನೊಂದು ಕಂಡಿಲ್ಲ. ಈ ಮಾತನ್ನು ಆಗ ಬಾಯಿಬಿಟ್ಟು ಹೇಳಲಿಲ್ಲ, ತಲೆಗೇರೀತು ಎಂದು.

ಆದ್ದರಿಂದ ಮತ್ತೆ ಹೇಳುತ್ತೇನೆ, ಒಂಟೆಯನ್ನು ತಗೋ. ಸೀಟು ನಿನಗೆ ಎತ್ತರವಾಗುತ್ತದೆ, ತುದಿಗಾಲು ಮಾತ್ರ ನೆಲಕ್ಕೆ ತಾಗುತ್ತದೆ. ಒಳಗಿನ ಫೋಮ್ ಎರಡು ಬೆರಳು ಕೊಯ್ದು ಹೊಸ ಹೊದಿಕೆ ಹೊಲಿಯಲು ಟೈಲರಮ್ಮ ಒಪ್ಪಿದ್ದಾರೆ. ಎಡಗೈ ಮಣಿಕಟ್ಟಿಗೆ ಕ್ಲಚ್ ಭಾರ ಅನ್ನಿಸಬಹುದು, ಕೇಬಲ್ ಹೊಸದು ಹಾಕಿದರೆ ಹಗುರವಾಗುತ್ತದೆ. ಎಂಜಿನ್ ಸ್ವಲ್ಪ ಎಣ್ಣೆ ಕುಡಿಯುತ್ತದೆ, ಆ ವಯಸ್ಸಿಗೆ ಅಷ್ಟು ಇದ್ದದ್ದೇ. ಮಟ್ಟ ನೋಡುವಾಗ ಎಂಜಿನ್ ಬಿಸಿಯಾಗಿರಬೇಕು, ತಣ್ಣಗಿದ್ದಾಗ ನೋಡಿದರೆ ಕಡಿಮೆ ಕಾಣಿಸಿ ಮೋಸ ಮಾಡುತ್ತದೆ. ಹನ್ನೊಂದು ಕಡೆ ನೀರಿನ ಮಟ್ಟ ನೋಡುವವಳಿಗೆ ಹನ್ನೆರಡನೆಯದಾಗಿ ಇದೊಂದು ಭಾರವಾಗದು. ಪಾಚಿಯ ಹಾಸಿನ ಮೇಲೆ ಮಾತ್ರ ಕ್ಲಚ್ಚನ್ನೂ ಬ್ರೇಕನ್ನೂ ಮುಟ್ಟಬೇಡ, ಮೊದಲನೇ ಗೇರಿನಲ್ಲಿ ಅದರ ಪಾಡಿಗೆ ಹೋಗಲು ಬಿಡು. ನೀರು ಚಕ್ರದ ನಡುವಿಗಿಂತ ಮೇಲಿದ್ದರೆ ಹೋಗಲೇಬೇಡ. ಆವತ್ತಿನ ಅಳತೆ ಸಿಗದಿದ್ದರೆ ಆಫೀಸು ಮುಳುಗಿಹೋಗುವುದಿಲ್ಲ.

ಬೇರಿಂಗ್, ಫೋರ್ಕ್ ಸೀಲ್, ವೈರಿಂಗ್, ಕೇಬಲ್ ಎಲ್ಲವನ್ನೂ ನಾನು ಮಾಡಿಕೊಡಬಲ್ಲೆ. ಇದನ್ನೆಲ್ಲ ಓದಿದ ಮೇಲೂ ನನ್ನ ಕೈ ಅದಕ್ಕೆ ತಾಗಬಾರದು ಎಂದು ನಿನಗೆ ಅನ್ನಿಸಿದರೆ ಅದರಲ್ಲಿ ತಪ್ಪಿಲ್ಲ. ನಿಮ್ಮ ಊರಿನ ಬಸ್ ಡಿಪೋ ಹಿಂದೆ ಒಬ್ಬ ಮೆಕ್ಯಾನಿಕ್ ಇದ್ದಾನೆ, ದಪ್ಪ ಮೀಸೆಯವನು. ನನ್ನನ್ನು ಕಂಡರೆ ಅವನಿಗೆ ಅಷ್ಟಕ್ಕಷ್ಟೇ. ಇಬ್ಬರೂ ಒಬ್ಬರೇ ಗುರುವಿನ ಹತ್ತಿರ ಕಲಿತವರು, ಅಂದಿನ ಜಗಳ ಇನ್ನೂ ಮುಗಿದಿಲ್ಲ. ಕೆಲಸ ಮಾತ್ರ ಚಿನ್ನ. ನಾನೇ ರಿಪೇರಿ ಮಾಡಿದರೂ ಗಾಡಿಯನ್ನು ಅವನ ಹತ್ತಿರ ಒಮ್ಮೆ ತೋರಿಸು, ನಾನು ಮಾಡಿದ್ದು ಎಂದು ಹೇಳು. ನನ್ನ ತಪ್ಪು ಹುಡುಕುವ ಹಟಕ್ಕೆ ಒಂದೊಂದು ಬೋಲ್ಟನ್ನೂ ಮೂರು ಮೂರು ಸಲ ನೋಡುತ್ತಾನೆ.

ಮೇಷ್ಟ್ರ ಫೋನ್ ನಂಬರ್ ಇನ್ನೊಂದು ಚೀಟಿಯಲ್ಲಿದೆ. ಬೇಕು ಬೇಡ ಯಾವುದಾದರೂ ಮಂಗಳವಾರದೊಳಗೆ ಅವರಿಗೇ ಹೇಳು, ನನ್ನ ಮೂಲಕ ಬೇಡ. ನೀನು ಏನು ಮಾಡುತ್ತೀಯ, ನನ್ನ ಬಗ್ಗೆ ಏನೆಂದುಕೊಳ್ಳುತ್ತೀಯ ಎಂದು ಯೋಚಿಸಿ ಯೋಚಿಸಿ ಕೆಲಸದ ಮೇಲೆ ಗಮನ ನಿಲ್ಲುತ್ತಿಲ್ಲ. ಬೆಳಗ್ಗೆಯಿಂದ ಗಿರಾಕಿಗಳನ್ನು ಬಾಗಿಲಿಂದಲೇ ಕಳಿಸಿದ್ದೇನೆ, ಇಂಥ ಮನಸ್ಸಿನಲ್ಲಿ ಯಾರ ಗಾಡಿಯನ್ನೂ ಮುಟ್ಟುವುದು ಸರಿಯಲ್ಲ. ಬೈಯಬೇಕು ಅನ್ನಿಸಿದರೆ ಫೋನನ್ನೇ ಮಾಡು. ಎರಡನೇ ನಿಮಿಷಕ್ಕೆ ಜಗಳ ಶುರುವಾಗುವುದಿಲ್ಲ, ಈ ಸಲ ಮಾತಾಡುವವಳು ನೀನೊಬ್ಬಳೇ.

ಕ್ಷಮಿಸು ಎಂದು ಬರೆದು ಹೊಡೆದು ಹಾಕಿದ್ದೇನೆ, ಕೆಳಗೆ ಶಾಯಿ ಕಾಣುತ್ತದೆ. ಆ ಪದವನ್ನು ನಾನು ಎರಡು ವರ್ಷ ನಿನ್ನ ಮೇಲೆ ಸುಮ್ಮಸುಮ್ಮನೆ ಖರ್ಚು ಮಾಡಿದವನು, ಈಗ ಕೇಳಲು ನಾಚಿಕೆಯಾಗುತ್ತದೆ.

ಇಂತಿ,
ಒಂದು ಕಾಲಕ್ಕೆ ನಿನ್ನವನಾಗಿದ್ದ
ಮೆಕ್ಯಾನಿಕ್

ಮತ್ತೊಂದು ಮಾತು, ಶನಿವಾರ ಬೆಳಗ್ಗೆ: ಲಕೋಟೆ ಅಂಟಿಸಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ಹರಿದುಹಾಕುತ್ತೇನೇನೋ ಎಂದು ನನಗೇ ಹೆದರಿಕೆಯಾಗಿ, ಹಿಂದೆ ಸರಿಯಲು ದಾರಿ ಇರಬಾರದೆಂದು ನಿನ್ನಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಅತ್ತೆ ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ, ‘ಆಸ್ಪತ್ರೇಲಿ ನೀವು ಅವಳ ಮುಖ ನೋಡದೆ ಗೋಡೆ ನೋಡ್ತಾ ಕೂತಿದ್ರಿ. ಏನೋ ಇದೆ ಅಂತ ನನಗೆ ಅವತ್ತೇ ಅನ್ನಿಸಿತ್ತು’ ಎಂದರು. ಮತ್ತೆ ಯಾಕೆ ಕೇಳಲಿಲ್ಲ ಎಂದೆ. ‘ಅವಳು ಬೈಕ್ ಬಿಟ್ಟಳಲ್ಲ, ಅಷ್ಟು ಸಾಕು ಅನ್ನಿಸ್ತು. ಮನೇಲಿ ಇರ್ತಾಳೆ, ಜೀವ ಇರುತ್ತೆ ಅಂದ್ಕೊಂಡೆ’ ಎಂದು ಅತ್ತುಬಿಟ್ಟರು. ಅವರ ಮಾತು ಕೇಳಿದ ಮೇಲೆ ಇನ್ನೊಂದನ್ನು ಬರೆಯದೆ ಈ ಲಕೋಟೆ ಅಂಟಿಸಲಾರೆ. ಭಯದಿಂದ ಬಾಯಿ ಮುಚ್ಚಿಕೊಂಡೆ ಎಂದು ಮೇಲೆ ಬರೆದೆನಲ್ಲ, ಅದು ಮೊದಲ ಕೆಲವು ತಿಂಗಳ ಮಾತು. ಆಮೇಲೆ ಭಯ ಹೋಗಿತ್ತು. ಸಂಜೆಯಾದರೆ ನೀನು ಆಫೀಸಿನ ಗೇಟಿನ ಹತ್ತಿರ ನಿಂತು, ನಾನು ಬಂದು ಕರೆದುಕೊಂಡು ಹೋಗಲಿ ಎಂದು ಕಾಯುತ್ತಿದ್ದೆ. ಅದು ನನಗೆ ಇಷ್ಟವಾಗಿತ್ತು.